ಮಕ್ಕಳಿಗೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೊಡಿ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳು ಲೈಫ್ ಜಾಕೆಟ್ ಹಾಕಿಕೊಂಡೇ ನೀರು ಕುಡಿದಳು. ಅದು ಹೇಗೆ ಆಯಿತು ಅಂತ ರಜೆಗೆ ಕಡಲ ಕಡೆ ಹೊರಟಿರುವ ಎಲ್ಲ ತಂದೆ-ತಾಯಿಗೆ ತಿಳಿಯಲಿ ಎಂದು ಈ ಪತ್ರ.

ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಮತ್ತು ನಾನು ಒಂದು ದಿನದ ದೋಣಿ ಪ್ರವಾಸಕ್ಕೆ ಹೋಗಿದ್ದೆವು. ಮೂರು ದ್ವೀಪ, ಎರಡು ಬೀಚ್. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ನಾಲ್ಕಕ್ಕೆ ವಾಪಸ್. ದೋಣಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದೆವು. ಹತ್ತುವಾಗ ಹುಡುಗನೊಬ್ಬ ಮೂಲೆಯ ರಾಶಿಯಿಂದ ಒಂದೊಂದೇ ಜಾಕೆಟ್ ಎತ್ತಿ ಕೈಗಿಡುತ್ತಾ ಹೋದ. ಎಲ್ಲವೂ ಒಂದೇ ಅಳತೆ. ಮೊಮ್ಮಗಳಿಗೆ ಸಿಕ್ಕಿದ್ದು ಅವಳ ಮಂಡಿ ಮುಟ್ಟುತ್ತಿತ್ತು. ಒಂದು ಕ್ಲಿಪ್ ಮುರಿದಿತ್ತು, ಅದರ ಜಾಗದಲ್ಲಿ ನೈಲಾನ್ ದಾರ ಕಟ್ಟಿದ್ದರು. 'ಚಿಕ್ಕದು ಇಲ್ವಾ?' ಎಂದು ಸೊಸೆ ಕೇಳಿದಳು. 'ದೊಡ್ಡದಿದ್ದರೆ ಇನ್ನೂ ಚೆನ್ನಾಗಿ ತೇಲುತ್ತೆ ಮೇಡಂ' ಅಂದ. ನಾವೂ ನಂಬಿದೆವು.

ಎರಡನೇ ದ್ವೀಪದ ಹತ್ತಿರ ಲಂಗರು ಹಾಕಿದರು. ನೀರು ಎಷ್ಟು ತಿಳಿಯಾಗಿತ್ತೆಂದರೆ ಕೆಳಗಿನ ಮರಳಿನ ಮೇಲೆ ನಮ್ಮ ದೋಣಿಯದೇ ನೆರಳು ಅಲುಗಾಡುವುದು ಕಾಣುತ್ತಿತ್ತು. ಮಗ ಮೊದಲು ಇಳಿದ. ಮೊಮ್ಮಗಳು ಏಣಿಯ ಕೊನೆಯ ಮೆಟ್ಟಿಲಿಂದ ಕೈಬಿಟ್ಟಳು. ಜಾಕೆಟ್ ತೇಲಿತು, ಮಗು ಕೆಳಗೆ ಜಾರಿತು. ಕೊರಳ ಭಾಗ ಮೇಲೆದ್ದು ಕಿವಿ ಮುಚ್ಚಿತು, ಬಾಯಿ, ಮೂಗು ನೀರೊಳಗೆ. ಎರಡು ಕೈಯೂ ಮೇಲಕ್ಕೆ ಹೋಗಿದ್ದವು. ಇನ್ನೊಂದು ಚೂರು ಜಾರಿದ್ದರೆ ಜಾಕೆಟ್ಟಿನಿಂದ ಪೂರ್ತಿ ಹೊರಗೆ ಬರುತ್ತಿದ್ದಳು. ಅವಳು ಕಿರುಚಲಿಲ್ಲ. ಕಿರುಚಲು ಆಗುತ್ತಲೂ ಇರಲಿಲ್ಲ. ಮಗ ಕೈಯಳತೆಯಲ್ಲೇ ಇದ್ದುದರಿಂದ ಹಿಡಿದು ಎತ್ತಿಕೊಂಡ.

ಮನೆಗೆ ಬಂದ ಮೇಲೆ ಈ ಬಗ್ಗೆ ಓದಿಕೊಂಡೆ. ಆ ಹುಡುಗ ಹೇಳಿದ್ದು ಪೂರ್ತಿ ತಪ್ಪು. ಮಕ್ಕಳ ಲೈಫ್ ಜಾಕೆಟ್ಟಿನ ಅಳತೆ ವಯಸ್ಸಿನ ಮೇಲಲ್ಲ, ದೇಹದ ತೂಕದ ಮೇಲೆ. ದೊಡ್ಡದಾದರೆ ಅದೊಂದೇ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ. ಹಾಗಾಗದಿರಲಿ ಎಂದೇ ಮಕ್ಕಳ ಜಾಕೆಟ್‌ಗೆ ಕಾಲುಗಳ ಮಧ್ಯೆ ಹಾಯಿಸಿ ಬಿಗಿಯುವ ಬೆಲ್ಟ್ ಇರುತ್ತದೆ. ಪುಟ್ಟ ಮಕ್ಕಳದಕ್ಕೆ ತಲೆಗೆ ಆಧಾರವಾಗುವ ಕಾಲರ್ ಸಹ ಇರುತ್ತದೆ, ಏಕೆಂದರೆ ಅವರ ತಲೆ ಮೈಗೆ ಹೋಲಿಸಿದರೆ ಭಾರ, ನೀರಲ್ಲಿ ಮುಖ ಕೆಳಗಾಗಿಬಿಡಬಹುದು. ಜಾಕೆಟ್ ಸರಿಯಾಗಿದೆಯಾ ಅಂತ ನೋಡುವುದು ಸುಲಭ. ಎಲ್ಲ ಬೆಲ್ಟ್ ಹಾಕಿ, ಹೆಗಲ ಹತ್ತಿರ ಎರಡೂ ಕಡೆ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ, ಕಿವಿಯವರೆಗೆ ಬಂತೋ, ಅದು ಆ ಮಗುವಿನದ್ದಲ್ಲ. ದಡದಲ್ಲಿ ಯಾರಾದರೂ ಇದನ್ನೊಂದು ತೋರಿಸಿದ್ದರೆ ನಾವು ಆ ದೋಣಿ ಹತ್ತುತ್ತಲೇ ಇರಲಿಲ್ಲ.

ಒಳಗಿನ ಚೀಟಿಯನ್ನೂ ಓದಿ. ಜಾಕೆಟ್ ಎಷ್ಟು ಬಲವಾಗಿ ತೇಲಿಸುತ್ತದೆ ಎನ್ನುವ ಅಂಕಿ (ನ್ಯೂಟನ್ ಲೆಕ್ಕದಲ್ಲಿ) ಅದರಲ್ಲಿರುತ್ತದೆ. 50 ಎಂದಿದ್ದರೆ ಅದು ಈಜು ಬರುವವರಿಗೆ, ನೆರವು ಹತ್ತಿರದಲ್ಲೇ ಇರುವಾಗ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ಈಜು ಬಾರದವರಿಗೆ 100 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ನಮ್ಮ ಜಾಕೆಟ್‌ಗಳಲ್ಲಿ ಚೀಟಿಯೇ ಅಳಿಸಿಹೋಗಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಇಡೀ ದಿನ ಯಾರೂ ತಲೆ ಎಣಿಸಲಿಲ್ಲ. ಪ್ರತಿ ದ್ವೀಪದಲ್ಲೂ ಇಳಿದು ಚದುರಿ ಹೋದೆವು, ವಾಪಸ್ ಬಂದಾಗ 'ಎಲ್ಲ ಬಂದ್ರಾ?' ಎಂದು ಕೂಗಿ ಎಂಜಿನ್ ಶುರು ಮಾಡಿದರು. ಬಾರದವನು ಹೇಗೆ ಉತ್ತರ ಕೊಡುತ್ತಾನೆ? 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಡೈವಿಂಗ್‌ಗೆ ಹೋಗಿದ್ದ ದಂಪತಿಯನ್ನು ಸಮುದ್ರದಲ್ಲೇ ಬಿಟ್ಟು ದೋಣಿ ದಡಕ್ಕೆ ಬಂದಿತ್ತು. ಇಬ್ಬರು ಕಡಿಮೆ ಇದ್ದಾರೆ ಅನ್ನುವುದು ಗೊತ್ತಾಗಿದ್ದು ಎರಡು ದಿನದ ಮೇಲೆ. ಅವರು ಸಿಗಲೇ ಇಲ್ಲ. ಹತ್ತುವಾಗ ಹೆಸರು ಬರೆದುಕೊಂಡು, ಪ್ರತಿ ಕಡೆ ಹೊರಡುವ ಮುಂಚೆ ಒಬ್ಬೊಬ್ಬರನ್ನೇ ಕರೆಯಲು ಎರಡು ನಿಮಿಷ ಸಾಕು.

ದೋಣಿಯವರ ಮೇಲೆ ನನಗೆ ಸಿಟ್ಟಿಲ್ಲ. ಮಧ್ಯಾಹ್ನ ಗಾಳಿ ಎದ್ದು ಅಲೆ ಜೋರಾದಾಗ ಚುಕ್ಕಾಣಿ ಹಿಡಿದಿದ್ದ ಹಿರಿಯರು ನಮ್ಮನ್ನು ಎಷ್ಟು ಜೋಪಾನವಾಗಿ ಕರೆತಂದರು ಎಂದು ನಾನೇ ನೋಡಿದೆ. ಸಮುದ್ರ ಅವರಿಗೆ ಅಂಗೈ ರೇಖೆಯ ಹಾಗೆ ಗೊತ್ತು. ಅವರ ಮಾಲೀಕರಲ್ಲಿ, ಪರವಾನಗಿ ಕೊಡುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಟಿಕೆಟ್ ಬರೆಯುವಾಗ ಮಗುವಿನ ವಯಸ್ಸಿನ ಜೊತೆ ತೂಕವನ್ನೂ ಕೇಳಿ. ಆ ತೂಕದ ಜಾಕೆಟ್ ಇಲ್ಲದಿದ್ದರೆ ಟಿಕೆಟ್ ಕೊಡಬೇಡಿ.

ಮೊಮ್ಮಗಳು ಹೆದರಿಲ್ಲ. ಮೂರನೇ ದ್ವೀಪದಲ್ಲಿ ನೋಡಿದ ನಕ್ಷತ್ರ ಮೀನಿನ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ. ಮುಂದಿನ ರಜೆಗೂ ದೋಣಿಯಲ್ಲೇ ಹೋಗಬೇಕಂತೆ. ಮೊನ್ನೆ ಅವಳನ್ನು ತೂಗಿ ನೋಡಿದೆ, 21 ಕೆಜಿ. ಬುಕಿಂಗ್ ಮಾಡಲು ಫೋನ್ ಮಾಡಿದಾಗ ಮೊದಲು ಅದನ್ನೇ ಹೇಳುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು