ಶಿವಮೊಗ್ಗದ ಪಿನ್‌ಕೋಡ್ ಒಡೆದು ನೋಡು

ಶಿವಮೊಗ್ಗ

ಪ್ರೀತಿಯ ಪುಟ್ಟಿ,

ಮನೆಗೆ ಕಾಗದ ಬರೆಯುವಾಗಲೆಲ್ಲ ಲಕೋಟೆಯ ಮೇಲೆ 577201 ಅಂತ ಬರೆಯುತ್ತೀಯಲ್ಲ, ಈ ಸಲ ಅದನ್ನು ಐದು ಲಕ್ಷ ಎಪ್ಪತ್ತೇಳು ಸಾವಿರದ ಇನ್ನೂರ ಒಂದು ಎಂಬ ಸಂಖ್ಯೆಯಾಗಿ ನೋಡು. ಅವಿಭಾಜ್ಯವೋ ಅಲ್ಲವೋ? ಕ್ಯಾಲ್ಕುಲೇಟರ್ ಬೇಡ, ಪೆನ್ಸಿಲ್ ಸಾಕು.

759ರ ವರ್ಗ 576081, 760ರದ್ದು 577600. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. 759ರೊಳಗಿನ ಯಾವ ಅವಿಭಾಜ್ಯವೂ ಭಾಗಿಸದಿದ್ದರೆ ಅದೇ ಅವಿಭಾಜ್ಯ. ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಹೋದವು. ಅಂಕಿಗಳ ಮೊತ್ತ 22, ಹಾಗಾಗಿ 3 ಇಲ್ಲ. 7, 11, 13ಕ್ಕೆ ಒಂದೇ ಕಳೆಯುವ ಲೆಕ್ಕ ಸಾಕು, ಏಕೆಂದರೆ ಮೂರರ ಗುಣಲಬ್ಧ 1001. 577ರಲ್ಲಿ 201 ಕಳೆದರೆ 376, ಅಂದರೆ 8×47. ಮೂರೂ ಇಲ್ಲ.

ಈಗ 17. ಬಿಡಿ ಸ್ಥಾನದ ಅಂಕಿ ತೆಗೆದು, ಅದರ ಐದರಷ್ಟನ್ನು ಉಳಿದದ್ದರಲ್ಲಿ ಕಳೆಯುತ್ತಾ ಹೋಗು: 57720−5=57715, 5771−25=5746, 574−30=544, 54−20=34. 34 ಅಂದರೆ 17ರ ಎರಡರಷ್ಟು, ಸಿಕ್ಕಿತು! ಹೀಗೆ ಬಂದ ಉತ್ತರವನ್ನು 10ರಿಂದ ಗುಣಿಸಿದರೆ ಮೊದಲಿನ ಸಂಖ್ಯೆಗಿಂತ ಬಿಡಿ ಅಂಕಿಯ 51ರಷ್ಟು ಕಡಿಮೆ ಇರುತ್ತದೆ. 51 ಎಂದರೆ 3×17. ಆದರೆ ಇದರಿಂದ ಶೇಷ ಎಷ್ಟೆಂದು ಹೇಳಲು ಹೋಗಬೇಡ, ಬಹಳ ಮಕ್ಕಳು ತಪ್ಪುವುದು ಇಲ್ಲೇ. 18ನ್ನು 17ರಿಂದ ಭಾಗಿಸಿದರೆ ಶೇಷ 1; ಈ ಉಪಾಯದಲ್ಲಿ 1−40=−39, ಅದರ ಶೇಷ 12.

ಭಾಗಿಸಿದರೆ 33953. 19ಕ್ಕೆ ಬಿಡಿ ಅಂಕಿಯ ಎರಡರಷ್ಟನ್ನು ಕೂಡಿಸಬೇಕು: 3395+6=3401, 340+2=342, 34+4=38. ಇದೂ ಸಿಕ್ಕಿತು. ಉಳಿದದ್ದು 1787.

ಇನ್ನು 759ರವರೆಗೆ ಹೋಗಬೇಕಿಲ್ಲ. 43ರ ವರ್ಗ 1849, 1787ನ್ನು ದಾಟಿತು; 41ಕ್ಕೇ ನಿಲ್ಲಿಸು. 2ರಿಂದ 13ರವರೆಗೆ ಮತ್ತೆ ನೋಡುವುದು ದಂಡ, ಆದರೆ 17, 19ನ್ನು ಬಿಡಬಾರದು, ಅವು ಎರಡೆರಡು ಸಲ ಅಡಗಿರಬಹುದು. ಇಲ್ಲಿ ಶೇಷ 2 ಮತ್ತು 1. 23, 29, 31, 37, 41ಕ್ಕೆ ಕ್ರಮವಾಗಿ 16, 18, 20, 11, 24. ಹಾಗಾಗಿ 1787 ಅವಿಭಾಜ್ಯ.

577201 = 17×19×1787.

ಅಷ್ಟು ಅಡಿಕೆಯನ್ನು ಅಂಗಳದಲ್ಲಿ ಸಮನಾದ ಸಾಲುಗಳಲ್ಲಿ ಜೋಡಿಸಿದರೆ, ಒಂದೇ ಉದ್ದ ಸಾಲು ಬಿಟ್ಟು, ಮೂರೇ ಆಯತ: 17×33953, 19×30379, 323×1787. ಎರಡು ಚೌಕಗಳಾಗಿ ಹಂಚಲು ಮಾತ್ರ ಆಗುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದು. 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯಗಳು ಸಮಸಂಖ್ಯೆಯ ಸಲ ಬಂದರೆ ಮಾತ್ರ ಅದು ಸಾಧ್ಯ. 19 ಮತ್ತು 1787 ಎರಡೂ ಆ ಜಾತಿಯವು, ಒಂದೊಂದೇ ಸಲ ಬಂದಿವೆ. ಮೂರು ಚೌಕಗಳಾದರೆ ಆಗುತ್ತದೆ: 758, 51, 6ರ ವರ್ಗಗಳನ್ನು ಕೂಡಿಸಿ ನೋಡು. 754ರಿಂದ ಹೊರಟರೂ ದಾರಿಯಿದೆ, ಆಗ 8685 ಉಳಿಯುತ್ತದೆ. ಅದನ್ನು ಎರಡು ವರ್ಗಗಳಾಗಿ ಒಡೆದು ಮುಂದಿನ ಕಾಗದದಲ್ಲಿ ಬರೆ.

ನಿನ್ನ
ಅಪ್ಪ