ನಗರದ ನಕ್ಷೆಯಲ್ಲಿ ಸೊಪ್ಪು ಮಾರುವವರಿಗೂ ಜಾಗವಿರಲಿ

ಮಾನ್ಯರೇ,

ಹಾಸನದಲ್ಲಿ ಪಾದಚಾರಿ ಮಾರ್ಗ ತೆರವಿನ ಮಾತು ಬಂದಾಗಲೆಲ್ಲ ಮೊದಲು ಆತಂಕಕ್ಕೊಳಗಾಗುವವರು, ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನಲ್ಲಿ ಗೋಣಿಚೀಲ ಹಾಸಿ ಸೊಪ್ಪು, ಹಸಿಮೆಣಸಿನಕಾಯಿ ಮಾರುವ ಹೆಂಗಸರು. ಅದೇ ಮಾರ್ಗದ ಮೇಲೆ ನಿಲ್ಲುವ ಕಾರುಗಳಿಗೆ (ನಡೆಯುವವರಿಗೆ ಹೆಚ್ಚು ಅಡ್ಡಿ ಅವುಗಳಿಂದಲೇ) ದಂಡ ಬಿದ್ದರೆ ಅದೇ ದೊಡ್ಡದು.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ನೀಡುವವರೆಗೆ ಯಾವ ವ್ಯಾಪಾರಿಯನ್ನೂ ಒಕ್ಕಲೆಬ್ಬಿಸುವಂತಿಲ್ಲ. ನಂತರ ಸ್ಥಳಾಂತರಿಸುವುದಾದರೂ 30 ದಿನಗಳ ನೋಟಿಸ್ ಕೊಡಬೇಕು. ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಾಗಿದ್ದು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಈಗಾಗಲೇ ಇರುವ ಮಾರುಕಟ್ಟೆಯನ್ನು ವ್ಯಾಪಾರ ನಿಷೇಧಿತ ವಲಯವೆಂದು ಘೋಷಿಸುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿಲ್ಲ.

ಊರಾಚೆಯ ಖಾಲಿ ನಿವೇಶನ ತೋರಿಸುವುದು ಪರಿಹಾರವಲ್ಲ. ಕೊಳ್ಳುವವರು ಅಷ್ಟು ದೂರ ಹೋಗುವುದಿಲ್ಲ, ಸಂಜೆಗೆ ಬಾಡುವ ಸೊಪ್ಪು ಗಿರಾಕಿಗಾಗಿ ಕಾಯುವುದೂ ಇಲ್ಲ. ಆದ್ದರಿಂದ ನಗರ ಯೋಜನೆಯನ್ನು ಪರಿಷ್ಕರಿಸುವಾಗ ಬಸ್ ನಿಲ್ದಾಣಕ್ಕೂ ಮಾರುಕಟ್ಟೆಗೂ ನಡೆದು ಹೋಗುವಷ್ಟು ಹತ್ತಿರದಲ್ಲಿಯೇ ನೆರಳು, ನಲ್ಲಿ ಹಾಗೂ ಮಹಿಳೆಯರ ಶೌಚಾಲಯವಿರುವ ವ್ಯಾಪಾರ ವಲಯಗಳನ್ನು ಗುರುತಿಸಬೇಕು ಮತ್ತು ಕರಡು ನಕ್ಷೆಯನ್ನು ಆ ವ್ಯಾಪಾರಿಗಳಿಗೆ ಕನ್ನಡದಲ್ಲಿ ವಿವರಿಸಿದ ಬಳಿಕವೇ ಅಂತಿಮಗೊಳಿಸಬೇಕು.

– ಓದುಗರೊಬ್ಬರು, ಹಾಸನ