ಈ ವರ್ಷ ಮರಿ ಕಡಿಮಿ ಯಾಕ, ರೇಟ್ ಜಾಸ್ತಿ ಯಾಕ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ಲಾ ಅಣ್ಣಾರಿಗೂ ಅಕ್ಕಾರಿಗೂ ನಮಸ್ಕಾರ್ರಿ.

ಎರಡು ತಿಂಗಳಾತು, ಫೋನ್ ಎತ್ತಿದ್ರ ಅದೇ ಮಾತು. "12 ಸಾವಿರಕ್ಕ ಮುಧೋಳ ನಾಯಿಮರಿ ಕೊಡ್ತಿದ್ರಿ, ಈಗ 18 ಅಂತೀರಿ, ಅದೂ ಎಂಟು ತಿಂಗಳು ಕಾಯ್ರಿ ಅಂತೀರಿ, ನಿಮಗೂ ರೊಕ್ಕದ ಆಸೆ ಹತ್ತಿತೇನ್ರಿ?" ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗೇತಿ, ಅರ್ಧ ಕೇಳಿ ಫೋನ್ ಇಡೋವ್ರೂ ಅದಾರ, ಅದಕ್ಕ ಮುಧೋಳದ ಬೇಟೆ ನಾಯಿ ಸಾಕಿ ಮರಿ ಮಾರೋ ನಮ್ಮ ಸಂಘದ ಏಳೂ ಮನಿಯವ್ರು ಕೂಡಿ ಕುಂತು ಇದನ್ನ ಬರದೀವಿ. ಉದ್ದ ಆಗೇತಿ, ಆದ್ರೂ ಪೂರ್ತಿ ಓದ್ರಿ.

ಬದಲಾವಣಿ ಏನಂದ್ರ, ಇನ್ನ ಮ್ಯಾಲೆ ಗಂಡಿರಲಿ ಹೆಣ್ಣಿರಲಿ, ಎರಡು ವರ್ಷ ತುಂಬಬೇಕು, ಒಂದು ಬ್ಯಾಸಿಗಿ ಪೂರ್ತಿ ನಮ್ಮ ಹೊಲದಾಗ ಓಡಿ ತೋರಿಸಬೇಕು, ಒಂದು ಸೀಸನ್ ಕುರಿಹಟ್ಟಿಯಾಗ ಇದ್ದು ಬರಬೇಕು, ಆಮ್ಯಾಲೇನ ಮೇಟಿಂಗ್. ಬಣ್ಣ ನೋಡಿ, ಎತ್ತರ ನೋಡಿ, ಫೋಟೊದಾಗ ಚಂದ ಕಾಣತೈತಿ ಅಂತ ಜೋಡಿ ಮಾಡೂದು ಬಂದ್. ಬಿಳಿ ಮರೀನೇ ಬೇಕು ಅಂತ ಆರ್ಡರ್ ತಗೊಳ್ಳೂದೂ ಬಂದ್. ಹಿಂಗಾಗಿ ಈ ವರ್ಷ ಎರಡೇ ಹೆಣ್ಣು ನಾಯಿ ಮರಿ ಹಾಕ್ತಾವ.

ಈಗ ರೊಕ್ಕದ ಮಾತು. ನಮಗ ಭಾಳ ನೋವಾಗಿದ್ದು ಇದರಾಗನ. ಒಂದು ನಾಯಿಗೆ ದಿನಕ್ಕ ಗೋವಿನಜೋಳದ ನುಚ್ಚು, ಅರ್ಧ ಲೀಟರ್ ಹಾಲು, ಎರಡು ತತ್ತಿ, ವಾರಕ್ಕ ಎರಡು ಸಲ ಮಾಂಸ, ಎಲ್ಲಾ ಹಿಡದು 85 ರೂಪಾಯಿ ಬೀಳತೈತಿ, ಎರಡು ವರ್ಷಕ್ಕ 62 ಸಾವಿರ ಆತು, ಆ ಎರಡು ವರ್ಷ ಅದರಿಂದ ಒಂದು ರೂಪಾಯಿ ಬರಂಗಿಲ್ಲ. ನಾಲ್ಕು ಮರಿ ಇಟ್ಕೊಂಡು ಬೆಳೆಸಿದ್ರ ಓಟದ ಪರೀಕ್ಷಾ, ಅಂದ್ರ ಟ್ರಯಲ್‌ನಾಗ ಪಾಸ್ ಆಗೂದು ಎರಡು, ಒಮ್ಮೊಮ್ಮಿ ಒಂದೇ. ಫೇಲ್ ಆದವನ್ನ ಮರಿ ಆಗದಂಗ ಆಪರೇಷನ್ ಮಾಡಿಸಿ, ತ್ವಾಟದ ಮನಿ ಇದ್ದೋರಿಗೆ ರೊಕ್ಕ ಇಲ್ದ ಕೊಡ್ತೀವಿ, ಅವೂ ಒಳ್ಳೆ ನಾಯಿನ, ಆದ್ರ ವಂಶ ಮುಂದುವರಿಸಾಕಲ್ಲ. ಅವಕ್ಕ ಹಾಕಿದ ಖರ್ಚು ಎಲ್ಲಿಂದ ಬರಬೇಕು ಹೇಳ್ರಿ? ಇದರ ಮ್ಯಾಲೆ ರಕ್ತಸಂಬಂಧದಾಗ ಜೋಡಿ ಆಗಬಾರದಂತ ಮಹಾರಾಷ್ಟ್ರದ ಕಡೆ, ಇದೇ ನಾಯಿಗೆ ಕರವಾನಿ ಅಂತ ಕರೆಯೋ ಊರುಗಳಿಗೆ ಹೋಗಿ ಗಂಡು ನೋಡಿ ಬರ್ತೀವಿ, ಮೂರು ಕಡೆ ನೋಡಿದ್ರ ಒಂದು ಕಡೆ ಒಪ್ಪಿಗಿ ಆಗತೈತಿ, ಗಾಡಿ ಡೀಸೆಲ್ ಮೂರೂ ಕಡೆಗೆ ಹಾಕಬೇಕು. ಮರಿಗೆ ಹುಳದ ಔಷಧ, ಪಾರ್ವೋ, ಡಿಸ್ಟೆಂಪರ್ ರೋಗದ ಲಸಿಕಿ, ಗುರುತಿನ ಮೈಕ್ರೋಚಿಪ್ ಬ್ಯಾರೆ. "45 ದಿನಕ್ಕೇ ಕೊಟ್ಟುಬಿಡ್ರಿ, ನಿಮ್ಮ ಖರ್ಚೂ ಉಳಿತೈತಿ" ಅಂತ ಒಬ್ರು ಅಂದ್ರು, ಅದು ಆಗೂದಿಲ್ರಿ, 2017ರ ಕೇಂದ್ರದ ರೂಲ್ ಪ್ರಕಾರ 8 ವಾರದ ಒಳಗ ಮರಿ ಮಾರಂಗಿಲ್ಲ, ರೂಲ್ ಇರದಿದ್ರೂ ತಾಯಿ ಹತ್ರ ಅಷ್ಟು ದಿನ ಇದ್ದ ಮರೀನ ಗಟ್ಟಿ ಆಗೂದು.

ಎಲ್ಲಾರೂ ಕೇಳೂ ಪ್ರಶ್ನೆ ಒಂದೈತಿ, ಅದಕ್ಕ ಸಾವಕಾಶ ಉತ್ತರ ಕೊಡ್ತೀವಿ. "ಬೇಟೆ ಬಂದ್ ಆಗಿ ಎಷ್ಟೋ ವರ್ಷ ಆತು, ನಾವು ಸಾಕೂದು ಮನಿ ಕಾಯಾಕ, ಮಕ್ಕಳ ಜೋಡಿ ಆಡಾಕ, ಈ ಓಟದ ಪರೀಕ್ಷಾ ಯಾಕ, ಅದರ ರೊಕ್ಕ ನಾವ್ಯಾಕ ಕೊಡಬೇಕು?"

ಬೇಟೆ ಬಂದ್ ಐತಿ, ಖರೆ. 1972ರ ವನ್ಯಜೀವಿ ಕಾಯ್ದೆ ಐತಿ, ನಮ್ಮ ಮಗ್ಗಲಕ್ಕೇ ಯಡಹಳ್ಳಿ ಚಿಂಕಾರಾ ವನ್ಯಧಾಮ ಐತಿ, ನಾವು ಮೊಲ ಬಿಟ್ಟು ನಾಯಿ ಓಡಿಸಂಗಿಲ್ಲ, ಓಡಿಸೋವ್ರಿಗೆ ಮರಿ ಕೊಡಂಗಿಲ್ಲ. ಮೊಲ ಹಿಡಿದ ವಿಡಿಯೊ ನಮಗ ಕಳಸ್ತೀರಲ್ಲ, ದಯವಿಟ್ಟು ಕಳಸಬ್ಯಾಡ್ರಿ.

ಆದ್ರ ನೀವು ಮನಿಗೆ ಯಾವ ನಾಯಿ ಬೇಕು ಅಂತೀರಿ ಆ ನಾಯಿ ತಯಾರಾಗಿದ್ದೇ ಓಟದಿಂದ್ರಿ. ಎದಿ ಆಳ ಇದ್ರ ದಮ್ಮು ಜಾಸ್ತಿ ಇರತೈತಿ, ಪಾದದ ಬೆರಳು ಬಿಗಿಯಾಗಿ ಕೂಡಿದ್ರ ಖಡಿಕಲ್ಲಿನ ಮ್ಯಾಲೆ ಉಗುರು ಸೀಳಂಗಿಲ್ಲ, ಮೈಮ್ಯಾಲೆ ಬೊಜ್ಜು ಇಲ್ದಿದ್ರ ನಮ್ಮ ಏಪ್ರಿಲ್-ಮೇ ಬಿಸಿಲು ತಡಿತೈತಿ. ರಾತ್ರಿ ಐದು ಎಕರೆ ತ್ವಾಟ ಮೂರು ಸುತ್ತು ಹಾಕೂದು, ಬಾಂದಿನ ಆಚೆ ಏನೋ ಅಲುಗಾಡಿದ್ದು ನಿಮ್ಮಕ್ಕಿಂತ ಮೊದಲು ಕಾಣೂದು, ಹತ್ತು ವರ್ಷ ಆದ್ರೂ ಹಿಂಗಾಲು ಗಟ್ಟಿ ಇರೂದು, ಎಲ್ಲಾ ಅದರಿಂದನ ಬಂದಿದ್ದು. ನಾಕೈದು ತಲಿಮಾರು ಯಾರೂ ಪರೀಕ್ಷಾ ಮಾಡದ ಬರೀ ಚಂದ ನೋಡಿ ಮರಿ ಹಾಕಿಸಿದ್ರ ಹೊರಗ ಏನೂ ಗೊತ್ತಾಗಂಗಿಲ್ರಿ, ಅದೇ ಉದ್ದ ಮುಖ, ಅದೇ ಸಣ್ಣ ನಡ, ಒಳಗಿಂದು ಖಾಲಿ ಆಗಿರತೈತಿ, ಒಮ್ಮೆ ಹೋತಂದ್ರ ಯಾವ ಅಂಗಡಿಯಾಗೂ ಕೊಂಡು ತರಾಕ ಬರಂಗಿಲ್ಲ.

ಬೆಂಗಳೂರಿನ ಗ್ರಾಹಕರೊಬ್ರ ಮನಿಯಾಗ ನಮ್ಮ ನಾಯಿ ಜೋಡಿ ಒಂದು ಜಾಕ್ ರಸೆಲ್ ಟೆರಿಯರ್ ಐತಿ. ಅವ್ರು ಒಂದು ಮಾತು ಹೇಳಿದ್ರು. ಇಂಗ್ಲೆಂಡಿನಾಗ ನರಿ ಬಿಲಕ್ಕ ಇಳಿಯೋ ಈ ಟೆರಿಯರ್‌ಗೆ ಮುಂಗಾಲ ಹಿಂದ ಎದಿ ಸುತ್ತ ಎರಡೂ ಕೈ ಹಾಕಿ ಹಿಡದು ನೋಡ್ತಾರಂತ, ಬೆರಳಿಗೆ ಬೆರಳು ಹತ್ತಿದ್ರ ಬಿಲದಾಗ ತೂರೋ ನಾಯಿ, ಹತ್ತದಿದ್ರ ಎಷ್ಟ ಚಂದ ಇದ್ರೂ ಬ್ಯಾಡ. 2004ರ ಕಾಯ್ದೆಯಾಗ ಅಲ್ಲಿ ನಾಯಿ ಬಿಟ್ಟು ನರಿ ಬೇಟೆ ಆಡೂದು ಬಂದ್ ಆತು, ಆದ್ರೂ ಆ ಕೈ ಅಳತಿ ಬಿಟ್ಟಿಲ್ಲ. ಹಳೆ ಮಂದಿ ನಮ್ಮ ನಾಯಿಗೂ ಹಂಗೇ ಸೊಂಟದ ಎಲುಬಿನ ನಡುವ ನಾಕು ಬೆರಳು ಇಟ್ಟು ನೋಡ್ತಿದ್ರು. ಆ ಗ್ರಾಹಕರ ಮಾತು ಕೇಳಿದ ದಿನಾನ ನಾವು ಟ್ರಯಲ್ ಕಡ್ಡಾಯ ಮಾಡೂದಂತ ನಿರ್ಧಾರ ಮಾಡಿದ್ವಿ.

ಟ್ರಯಲ್ ಹೆಂಗ ಅಂದ್ರ, ಜೋಳ ಕೊಯ್ದ ಎರಿ ಹೊಲದಾಗ ನಸುಕಿನಾಗ ಒಂದು ಹಳೆ ಬೈಕ್ ಸ್ಟ್ಯಾಂಡ್ ಹಾಕಿ ನಿಲ್ಲಿಸ್ತೀವಿ, ಹಿಂದಿನ ಗಾಲಿ ಟೈರ್ ತಗದು ರಿಮ್ಮಿಗೆ ಹಗ್ಗ ಸುತ್ತತೀವಿ, ಹಗ್ಗ ನಾಕು ಗೂಟದ ರಾಟೆ ಸುತ್ತಿ ಹೋಗತೈತಿ, ತುದಿಗೆ ಗೋಣಿಚೀಲದ ತುಂಡು. ಎಕ್ಸಲೇಟರ್ ಕೊಟ್ರ ಚೀಲ ಮೊಲದಂಗ ಅಂಕುಡೊಂಕು ಓಡತೈತಿ. ಈ ಸಲ ಕರಿ ಅನ್ನೂ ನಮ್ಮ ಹೆಣ್ಣು ಬಂದು ನಿಂತಿತ್ತು, ಚೀಲ ಇನ್ನ ಅಲುಗಿರಲಿಲ್ಲ, ಕಿವಿ ಹಿಂದಕ್ಕ ಒತ್ತಿ ಒಂದು ಮುಂಗಾಲು ಮಡಚಿ ಎತ್ತಿ ಹಿಡಿದಿತ್ತು, ಬಾಲದ ತುದಿ ಅಷ್ಟೇ ಸಣ್ಣಗ ನಡುಗತಿತ್ತು. ಚೀಲ ಹೊಳ್ಳಿದ ಕೂಡ್ಲೇ ಇದೂ ಹೊಳ್ಳಿತು, ಜೋಳದ ಕೂಳಿ ಕಾಲಿಗೆ ಚುಚ್ಚತಾವ, ಲೆಕ್ಕಕ್ಕೇ ಇಲ್ಲ. ಮೂರು ಓಟ ಮುಗದ ಮ್ಯಾಲೆ ಪಾದ ಎತ್ತಿ ಹೆಬ್ಬೆರಳಿಂದ ಒತ್ತಿ ನೋಡಿದ್ವಿ, ಒಂದೂ ಸೀಳಿಲ್ಲ. ಹತ್ತು ನಿಮಿಷದಾಗ ಏದುಸಿರು ಇಳದು ಮತ್ತ ಗೂಟದ ಕಡೆ ನೋಡಾಕತ್ತಿತು. ಅದೇ ಕರಿ ಕುರಿಹಟ್ಟಿಯಾಗ ಮೂರು ತಿಂಗಳು ಇದ್ದು ಒಂದು ಕುರಿಮರೀನೂ ಅಟ್ಟಿಸ್ಕೊಂಡು ಹೋಗಿಲ್ಲ. ನಿಲ್ಲು ಅಂದ್ರ ನಿಲ್ಲಬೇಕು, ಅದೂ ಕೆಲಸಾನ.

ಇನ್ನ ನಮ್ಮ ತಪ್ಪು. 2020ರ ಆಗಸ್ಟ್‌ನಾಗ ಪ್ರಧಾನಿಯವ್ರು ಮನ್ ಕೀ ಬಾತ್‌ನಾಗ ಮುಧೋಳ ನಾಯಿ ಹೆಸರು ಹೇಳಿದ ಮ್ಯಾಲೆ ನಮಗ ಫೋನ್ ಮ್ಯಾಲೆ ಫೋನ್. ಎಲ್ಲಾರೂ ಎತ್ತರದ್ದು ಬೇಕು, ಬಿಳಿದು ಬೇಕು ಅಂದ್ರು, ನಾವೂ ಮನಸು ಸಡಲ ಬಿಟ್ವಿ. ಹೋದ ವರ್ಷ ಬರೀ ಎತ್ತರ ನೋಡಿ ಒಂದು ಜೋಡಿ ಮಾಡಿಸಿ ಆರು ಮರಿ ಕೊಟ್ವಿ. ಅದರಾಗ ಒಂದನ್ನ ಹಾವೇರಿ ಕಡೆ ರೈತರು ತಗೊಂಡಿದ್ರು, ವರ್ಷ ತುಂಬಿದ ಮ್ಯಾಲೆ ವಿಡಿಯೊ ಕಳಿಸಿದ್ರು, ಎರಡು ಹೊಲ ದಾಟಿ ನಾಯಿ ಕುಂತುಬಿಟ್ಟಿತ್ತು, ಪಾದ ಬಾತುಕೋಳಿದಂಗ ಅಗಲ. ಅವ್ರು ಬೈಲಿಲ್ಲ, "ಅಣ್ಣಾರ, ನಿಮ್ಮ ಮನಿ ನಾಯಿ ಹಿಂಗ ಇರಲ್ಲಲ್ರಿ" ಅಂದ್ರು ಅಷ್ಟೇ. ಆ ರಾತ್ರಿ ನಮ್ಮ ಹಿರಿಯರೊಬ್ರು ಊಟಾನೇ ಮಾಡ್ಲಿಲ್ಲ. ಆ ಆರೂ ಮನಿಯವ್ರ ಕ್ಷಮಾ ಕೇಳ್ತೀವಿ, ಈಗಾಗ್ಲೇ ಫೋನ್ ಮಾಡೇವಿ, ಮುಂದಿನ ಮರಿಯಾಗ ಅವ್ರಿಗೆ ಮೊದಲ ಆಯ್ಕಿ, ರೊಕ್ಕ ಬ್ಯಾಡ. ಆ ಜೋಡಿ ಮತ್ತ ಮರಿ ಹಾಕಂಗಿಲ್ಲ.

"ಬ್ಯಾರೆ ಕಡೆ ಇದಕ್ಕಿಂತ ಎತ್ತರದ ನಾಯಿ 10 ಸಾವಿರಕ್ಕ ಸಿಗತೈತಿ" ಅಂತೀರಿ. ಗ್ರೇಹೌಂಡ್ ಅನ್ನೋ ವಿದೇಶಿ ಓಟದ ನಾಯಿ ಮಿಕ್ಸ್ ಮಾಡಿದ್ರ ಎತ್ತರಾನೂ ಬರತೈತಿ, ಮೊದಲ ಓಟಾನೂ ಜೋರು ಇರತೈತಿ, ಎರಡನೇ ಓಟಕ್ಕ ಕೇಳ್ರಿ. ತಗೊಳ್ಳೂ ಮೊದಲು ತಾಯಿ ತಂದಿ ಎರಡನ್ನೂ ಹೊಲದಾಗ ಓಡಿಸಿ ತೋರ್ಸ್ರಿ ಅನ್ರಿ, ಅಷ್ಟ ಸಾಕು. ಪಕ್ಕೆಲುಬು ಕಾಣತಾವ, ನಾಯಿಗೆ ಕೂಳು ಹಾಕಂಗಿಲ್ಲೇನು ಅಂತ ಕೇಳೋವ್ರಿಗೆ ಮತ್ತೊಮ್ಮಿ ಹೇಳ್ತೀವಿ, ಕಡೇ ಎರಡು ಮೂರು ಪಕ್ಕೆಲುಬು ಕಾಣಬೇಕು ಇದಕ್ಕ, ಕಾಣದಂಗ ತಿನ್ನಿಸಿದ್ರ ನೀವು ಕೆಡಸ್ತೀರಿ.

ಈಗಾಗ್ಲೇ ಅಡ್ವಾನ್ಸ್ ಕೊಟ್ಟೋರಿಗೆ ಹಳೆ ರೇಟ್ 12 ಸಾವಿರಾನ, ಅದರಾಗ ಎರಡು ಮಾತಿಲ್ಲ, ಕಾಯಬೇಕಷ್ಟೆ. ಕಾಯಾಕ ಆಗಂಗಿಲ್ಲ ಅನ್ನೋವ್ರಿಗೆ ಪೂರ್ತಿ ರೊಕ್ಕ ವಾಪಸ್, ಮನಸಿನಾಗ ಏನೂ ಇಟ್ಕೊಳ್ಳಂಗಿಲ್ಲ. ನೀವು ಈ ಮೊದಲು ತಗೊಂಡ ನಾಯಿಗೆ ಊಟದ್ದಾಗ್ಲಿ ಡಾಕ್ಟರದ್ದಾಗ್ಲಿ ಏನೇ ಕೇಳಬೇಕಿದ್ರೂ ರಾತ್ರಿ ಹತ್ತಕ್ಕಾದ್ರೂ ಫೋನ್ ಮಾಡ್ರಿ, ನಿಮ್ಮ ನಾಯಿ ಹೆಸರು ನಮಗ ನೆನಪೈತಿ.

ಕರಿ ದೀಪಾವಳಿ ಆದ ಮ್ಯಾಲೆ ಮರಿ ಹಾಕತೈತಿ. ಮಾರ್ಚ್‌ದಾಗ ಟ್ರಯಲ್ ಮತ್ತ ಶುರು, ರವಿವಾರ ನಸುಕಿನಾಗ ಆರಕ್ಕ ಬರ್ರಿ, ಮಕ್ಕಳನ್ನ ಕರ್ಕೊಂಡ ಬರ್ರಿ, ಎಕ್ಸಲೇಟರ್ ಅವರ ಕೈಗೇ ಕೊಡ್ತೀವಿ. ಚಾ, ಅವಲಕ್ಕಿ ನಮ್ಮ ಮನಿಯಾಗ.

ಇಂತಿ ನಿಮ್ಮವರು,
ಸಂಘದ ಏಳೂ ಮನಿಯವ್ರು
ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲೆ